ತಿಪ್ಪೆ ಖಾಲಿ ಮಾಡೋ ಮುಂಚೆ

ಅಪ್ಪಾ,

ನಿನ್ನ ತಿಪ್ಪಿ ಬರೀತಿದೀನಿ. ಮೊದಲು ಬೈದು ಮುಗಿಸ್ತೀನಿ, ಆಮೇಲೆ ಕ್ಷೇಮಸಮಾಚಾರ. ನೀನು ಬಿಟ್ಟುಹೋದ ಆ ಕಂಪ್ಯೂಟರ್ ಐತಲ್ಲ, ಅದು ಹೊಟ್ಟೆ ಬಿರಿಯೋ ಹಂಗೆ ತುಂಬ್ಕೊಂಡು ಕುಂತಿತ್ತು ಕಣಪ್ಪ. ಬಟನ್ ಒತ್ತಿ, ಒಲೆ ಮೇಲೆ ಅನ್ನಕ್ಕಿಟ್ಟು ಬಂದ್ರೆ ಅನ್ನ ಬೆಂದಿರೋದು, ಇದು ಮಾತ್ರ ಇನ್ನೂ ಗಿರಗಿರ ತಿರುಗ್ತಾ ಇರೋದು. ತೆರೆದ ಮೇಲೂ ಅಷ್ಟೇ, ಜಾಗ ಇಲ್ಲ, ಜಾಗ ಇಲ್ಲ ಅಂತ ಮೂಲೆಯಲ್ಲಿ ಒಂದು ಚೀಟಿ ಏಳೋದು. ಕಂಡಕ್ಟರ್ ಆಗಿ ದಿನವಿಡೀ ನಾನು ಜನಕ್ಕೆ ಹೇಳೋ ಮಾತನ್ನ, ಮನೆಗೆ ಬಂದ್ರೆ ಅದು ನನಗೆ ಹೇಳ್ತಿತ್ತು. ಪಶು ಆಸ್ಪತ್ರೆಯ ರಿಟೈರ್ಡ್ ಕಾಂಪೌಂಡರ್ ನೀನು, ಅದರೊಳಗೆ ಅಷ್ಟೊಂದು ಏನು ತುಂಬಿಟ್ಟಿದ್ದೆ, ಹೇಳು?

ಅದನ್ನ ತಂದ ದಿನ ನೆನಪೈತಾ? ಹೊಸದುರ್ಗದಲ್ಲಿ ಯಾವುದೋ ಸೈಬರ್ ಅಂಗಡಿ ಮುಚ್ತಾರೆ ಅಂತ ಹೋಗಿ ಕೊಂಡ್ಕೊಂಡು, ಬೇಕಂತಲೇ ನನ್ನ ಬಸ್ಸಿಗೇ ಕಾದು ಹತ್ತಿದ್ದೆ. ಡಬ್ಬಾನ ಕಾಲ ಹತ್ರ ಇಟ್ಟು, ಟೀವಿಯಂಥದ್ದನ್ನ ತೊಡೆ ಮೇಲೆ ಇಟ್ಕೊಂಡು ಕುಂತಿದ್ದೆ. ಲಗೇಜ್ ಟಿಕೆಟ್ ತಗೋ ಅಂದ್ರೆ, "ಏ, ಇದು ಕೂಸು ಕಣೇ, ತೊಡೆ ಮೇಲೆ ಕುಂತ್ಕಂಡ್ ಬರ್ತೈತೆ, ಕೂಸಿಗೆ ಎಲ್ಲಾದ್ರೂ ಟಿಕೆಟ್ ಉಂಟಾ?" ಅಂದೆ. ಬಸ್ಸೆಲ್ಲ ನಕ್ಕಿತು. ನಾನು ಬಿಡಲಿಲ್ಲ, ಹರಿದು ಕೈಗೆ ಕೊಟ್ಟೆ. ಹೊಳಲ್ಕೆರೆ ಬರೋವರೆಗೂ ನೀನು ಆ ಟಿಕೆಟ್ಟನ್ನ ಪಕ್ಕದೋರಿಗೆ ತೋರಿಸಿ, "ನನ್ನ ಮಗಳು, ಅಪ್ಪ ಅಂತಲೂ ನೋಡಲ್ಲ, ಭಾರೀ ಸ್ಟ್ರಿಕ್ಟು" ಅಂತ ಹೇಳ್ಕೊಂಡೇ ಬಂದೆ. ಆ ಟಿಕೆಟ್ಟಿನ ಫೋಟೋ ಕೂಡ ಕಂಪ್ಯೂಟರಲ್ಲಿ ಸಿಕ್ಕಿತು. ಅದೂ ಮೂರು ಕಡೆ!

ಹಿರಿಯರ ಹಬ್ಬ ಹತ್ರ ಬಂದಾಗ ಒಂದು ಸಂಜೆ ನಿನ್ನ ಅಳಿಯ ಅದರ ಮುಂದೆ ಕುಂತು ಕುಂತು ರೇಗಿ, "ಈ ಡಬ್ಬ ಗುಜರಿಗೆ ಹಾಕಾಣ ಬಿಡು, ಹೊಸದು ತಂದ್ರಾಯ್ತು" ಅಂದ. ನಾನೂ ಹೂಂ ಅಂದೆ. ಅವ್ವ ಅಡಿಗೆಮನೆ ಬಾಗಿಲಲ್ಲಿ ಸೊಪ್ಪು ಸೋಸ್ತಾ ಕುಂತಿದ್ದಳು. ತಲೆ ಎತ್ತದೆ ಒಂದೇ ಮಾತು ಹೇಳಿದ್ಲು, "ಅದರೊಳಗೆ ನನ್ನ ಮಗ ಅವ್ನೆ."

ನಾವಿಬ್ಬರೂ ಮುಖ ಮುಖ ನೋಡ್ಕೊಂಡ್ವಿ. ಅವ್ವ ಆ ಮಗನ ಮಾತೆತ್ತಿದ್ದನ್ನ ನಾನು ಹುಟ್ಟಿದಾಗಿಂದ ಎಷ್ಟು ಸಲ ಕೇಳಿದೀನಿ ಹೇಳು? ನಿಮ್ಮ ಮೊದಲನೇ ಕೂಸು, ರಾಜಶೇಖರ. ನಾನು ಹುಟ್ಟೋ ಮುಂಚೆನೇ ಮೂರು ವರ್ಷದವನಿದ್ದಾಗ ಜ್ವರದಲ್ಲಿ ಹೋದವನು. ಅವನದೊಂದು ಫೋಟೋ ಇತ್ತಂತೆ, ಹೊಸದುರ್ಗದ ಸ್ಟುಡಿಯೋದಲ್ಲಿ ತೆಗೆಸಿದ್ದು. ನನ್ನ ಕಣ್ಣಿಗೆ ಬೀಳಬಾರದು ಅಂತ ನಮ್ಮೂರು ಬಾಗೂರಿನ ಮನೆ ಟ್ರಂಕಿನ ಅಡಿಯಲ್ಲಿ ಇಟ್ಟಿದ್ರಂತೆ. ಉಳಿದಿರೋ ಕೂಸಿಗೆ ಹೋದ ಕೂಸನ್ನ ತೋರಿಸಬಾರದು ಅಂತ ಯಾರು ಹೇಳಿದ್ರೋ ಏನೋ. ಆಮೇಲೆ ಆ ಟ್ರಂಕಿಗೆ ಗೆದ್ದಲು ಹತ್ತಿ, ಫೋಟೋ ಹೋಯ್ತು, ಅವ್ವನ ಧಾರೆ ಸೀರೆನೂ ಹೋಯ್ತು. ಅವತ್ತು ನೀನು ಅವ್ವನಿಗೆ, "ಅಳಬ್ಯಾಡ, ಮೊದಲೇ ಸ್ಕ್ಯಾನ್ ಮಾಡ್ಸಿ ಕಂಪ್ಯೂಟರ್‌ನಾಗೆ ಹಾಕಿದೀನಿ, ಅಲ್ಲಿಗೆ ಗೆದ್ದಲು ಬರಲ್ಲ" ಅಂದಿದ್ದೆಯಂತೆ. ಎಲ್ಲಿ ಹಾಕಿದೀನಿ ಅಂತ ಮಾತ್ರ ಹೇಳಲಿಲ್ಲ.

"ನಿಮ್ಮಪ್ಪಂಗೆ ಇದು ಮೊದಲನೇ ಎಡೆ ಕಣೇ. ಪಕ್ಕದಾಗೆ ಅವನ್ನೂ ಕುಂದ್ರಿಸ್ಬೇಕು. ಇಷ್ಟು ವರ್ಷ ಬಾಯಿ ಮುಚ್ಕಂಡಿದ್ದೆ, ಇನ್ನ ಮುಚ್ಕಳಲ್ಲ" ಅಂದ್ಲು ಅವ್ವ. ಆಮೇಲೆ ಮೆಲ್ಲಗೆ, "ಅವನ ಮುಖ ಮರ್ತು ಹೋಗೈತೆ. ಕಿವಿ ನೆನಪೈತೆ, ಮುಖ ಬರ್ತಾ ಇಲ್ಲ" ಅಂದ್ಲು. ಗುಜರಿ ಮಾತು ಅಲ್ಲಿಗೇ ನಿಂತಿತು.

ಈಗ ನನ್ನ ಫಜೀತಿ ನೋಡು. ಕಂಪ್ಯೂಟರ್ ಓಡಬೇಕಾದ್ರೆ ಒಳಗಿರೋದನ್ನ ಅಳಿಸಬೇಕು. ಅಳಿಸೋವಾಗ ಅವನನ್ನೇ ಅಳಿಸಿಬಿಟ್ರೆ? ಇನ್ನೊಂದು ಪ್ರತಿ ಜಗತ್ತಿನಲ್ಲೇ ಇಲ್ಲ. ನನ್ನ ಬಸ್ಸಲ್ಲಿ ಹೊಳಲ್ಕೆರೆಯಿಂದ ದುರ್ಗಕ್ಕೆ ದಿನಾ ಹೋಗೋ ಶಬಾನಾ ಮೇಡಂ ಅಂತ ಅವರೆ, ಕಾಲೇಜಲ್ಲಿ ಕಂಪ್ಯೂಟರ್ ಪಾಠ ಮಾಡ್ತಾರೆ. ನೀನು ಇದ್ದಿದ್ರೆ ಅವರ ತಲೆ ತಿಂದು ಬಿಡ್ತಿದ್ದೆ. ಅವರನ್ನೇ ಕೇಳಿದೆ. ಹಿಂದಿನ ಸೀಟಿನೋರಿಗೆಲ್ಲ ಟಿಕೆಟ್ ಕೊಟ್ಟು ಬಂದು, ಅವರ ಪಕ್ಕ ಕಂಬಿ ಹಿಡ್ಕೊಂಡು ನಿಂತು ಪಾಠ ಹೇಳಿಸ್ಕೊಂಡೆ.

"ತಿಪ್ಪಮ್ಮಾರೇ, ಗಡಿಬಿಡಿ ಮಾಡ್ಕಬ್ಯಾಡ್ರಿ" ಅಂದ್ರು. "ಮೊದಲು ಬೇಕಾದ್ದನ್ನ ಪೆನ್‌ಡ್ರೈವಿಗೆ ಇಳಿಸ್ಕಳ್ರಿ, ಅಳಿಸೋದು ಆಮೇಲೆ. ವಿಂಡೋಸ್ ಅಂತ ಒಂದು ಫೋಲ್ಡರ್ ಐತೆ, ಅದರ ತಂಟೆಗೇ ಹೋಗಬ್ಯಾಡ್ರಿ. ಪ್ರೋಗ್ರಾಂ ಫೈಲ್ಸ್ ಅಂತ ಇರ್ತದಲ್ಲ, ಅದೂ ಅಷ್ಟೇ. ಬ್ಯಾಡದ ಆಟಗೀಟ ಇದ್ರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸರಿಯಾಗಿ ತೆಗೀರಿ, ಫೋಲ್ಡರ್ ಕಿತ್ತಾಕಬ್ಯಾಡ್ರಿ. ಏನು ಅಂತ ಗೊತ್ತಿಲ್ಲದ್ದನ್ನ ಮುಟ್ಟಲೇಬ್ಯಾಡ್ರಿ."

"ಅಂದ್ರೆ ಬಸ್ಸು ಗುಡಿಸ್ರಿ, ಇಂಜಿನ್ ಬಿಚ್ಚಬ್ಯಾಡ್ರಿ ಅಂತೀರಿ" ಅಂದೆ.

"ಅಷ್ಟೇ ರೀ" ಅಂತ ನಕ್ಕರು. ಅಷ್ಟರಲ್ಲಿ ದುರ್ಗದ ಬೆಟ್ಟ ಕಂಡಿತು, ಇಳಿಯೋರೆಲ್ಲ ಎದ್ದು ನಿಂತ್ರು, ನನ್ನ ಪಾಠ ಮುಗೀತು.

ವಾರದ ರಜೆ ದಿನ ಬೆಳಿಗ್ಗೆನೇ ಅದರ ಮುಂದೆ ಕುಂತೆ. ಮೊದಲು ಹುಡುಕೋ ಜಾಗದಲ್ಲಿ ರಾಜಶೇಖರ ಅಂತ ಹಾಕಿದೆ. ಇಲ್ಲ. ಇಂಗ್ಲಿಷಲ್ಲಿ ಹಾಕಿದೆ, ಒಂದು ಅಕ್ಷರ ಕಮ್ಮಿ ಮಾಡಿ ಹಾಕಿದೆ, ಬರೀ ರಾಜ ಅಂತ ಹಾಕಿದೆ. ರಾಜ ಅಂದಿದ್ದಕ್ಕೆ ಯಾವುದೋ ನಾಟಕದ ವಿಡಿಯೋ ಬಂತು, ಅದೂ ಅರ್ಧಕ್ಕೇ ನಿಂತಿತ್ತು. ಮಗ ಅಂತ ಹಾಕಿದೆ, ಕೂಸು ಅಂತ ಹಾಕಿದೆ. ಅವ್ವ ಪಕ್ಕದಲ್ಲಿ ಹಸಿ ಶೇಂಗಾ ಬಿಡಿಸ್ತಾ ಪ್ರತಿ ಸಲನೂ ಕತ್ತೆತ್ತಿ ನೋಡೋಳು, ನಾನು ತಲೆ ಆಡಿಸಿದ್ರೆ ಮತ್ತೆ ಶೇಂಗಾಕ್ಕೆ ಬಗ್ಗೋಳು.

ಇನ್ನು ಒಂದೊಂದಾಗಿ ತೆಗೆದು ನೋಡೋದು ಬಿಟ್ರೆ ದಾರಿ ಇರಲಿಲ್ಲ. ಅಯ್ಯೋ ಅಪ್ಪ, ಅವು ಶುಭೋದಯಗಳಾ ಇಲ್ಲ ಸಂತೆನಾ! ಗುಲಾಬಿ ಹೂವಿನ ಶುಭೋದಯ, ಟೀ ಲೋಟದ ಶುಭೋದಯ, ಸೂರ್ಯ ಹುಟ್ಟೋ ಶುಭೋದಯ, ಸೋಮವಾರದ ಶಿವ, ಶನಿವಾರದ ಹನುಮಪ್ಪ. "ಫೋನ್" ಅಂತ ಒಂದು ಫೋಲ್ಡರ್, "ಫೋನ್ ನಕಲು" ಅಂತ ಇನ್ನೊಂದು, "ಫೋನ್ ನಕಲು ಹೊಸದು" ಅಂತ ಮತ್ತೊಂದು. ಮೂರರಲ್ಲೂ ಅವೇ ಗುಲಾಬಿ. ಕೂಸಿನ ಮುಖ ಕಂಡ ಕಡೆಯೆಲ್ಲ ನಿಲ್ಲಿಸಿ ದೊಡ್ಡದು ಮಾಡ್ತಿದ್ದೆ, ನೋಡಿದ್ರೆ ಬೆಣ್ಣೆ ತಿನ್ನೋ ಕೃಷ್ಣ. ಎಷ್ಟು ಕೃಷ್ಣ ಕಳಿಸ್ತಾರಪ್ಪ ನಿನ್ನ ಪೆನ್ಷನ್ ಗುಂಪಿನೋರು! ಅಷ್ಟು ಸಾಲದು ಅಂತ ನಿನ್ನ ಆಧಾರ್ ಕಾರ್ಡು ಬೇಕಾದಾಗಲೆಲ್ಲ ಹೊಸದಾಗಿ ಇಳಿಸ್ಕೊಂಡಿದೀಯ. ಇದ್ದದ್ದನ್ನೇ ತೆಗೆಯೋಕೆ ಏನು ರೋಗ ನಿನಗೆ?

ಬೈದೆ, ನಿಜ. ಆದ್ರೆ ಬೆಳಗಿನ ಮೊದಲನೇ ಟ್ರಿಪ್ಪಿಗೆ ನಾನು ಕತ್ತಲಲ್ಲಿ ಡಿಪೋಗೆ ಹೊರಟಾಗ ನನ್ನ ಫೋನ್ ಟಿಣ್ ಅಂತಿತ್ತಲ್ಲ, ಅದೇ ಗುಲಾಬಿಗಳು ಇವು. ನೀನು ಒಳಗೆ ಹಾಸಿಗೆಯಲ್ಲಿ, ನಾನು ಹೊಸ್ತಿಲಲ್ಲಿ, ಎದ್ದು ಬಂದು ಬಾಯಲ್ಲೇ ಹೇಳೋಕೆ ಆಗದಷ್ಟು ದೂರ ಇತ್ತಾ? ನಾನು ಒಂದಕ್ಕಾದ್ರೂ ತಿರುಗಿ ಕಳಿಸಿದ್ನೋ ಇಲ್ವೋ, ನೀನು ಮಾತ್ರ ತಪ್ಪಿಸಲಿಲ್ಲ. ಅಳಿಸೋಕೆ ಬೆರಳು ಏಳಲಿಲ್ಲ ಕಣಪ್ಪ. ಆಮೇಲೆ ಒಂದನ್ನ ಇಟ್ಕೊಂಡು ಮಿಕ್ಕಿದ್ದಕ್ಕೆಲ್ಲ ಇಳೀರಿ ಇಳೀರಿ ಅಂದೆ.

ಸಂಜೆವರೆಗೂ ಅಳಿಸಿದ್ರೂ, ಜಾಗ ತುಂಬೈತೆ ಅಂತ ತೋರಿಸೋ ಕೆಂಪು ಪಟ್ಟಿ ಒಂದು ಕೂದಲೆಳೆಯಷ್ಟೂ ಕರಗಲಿಲ್ಲ. ನನಗೆ ತಲೆ ಕೆಟ್ಟು ಹೋಯ್ತು. ಮಾರನೇ ದಿನ ಶಬಾನಾ ಮೇಡಂ ಹತ್ತಿದ ತಕ್ಷಣ ಕೇಳಿದೆ, "ಏನ್ರೀ ಇದು, ದಿನವೆಲ್ಲ ಇಳಿಸಿದೀನಿ, ಬಸ್ಸು ಹಂಗೇ ತುಂಬೈತೆ?" ಅವರು ಹೆಂಗಸರ ಸೊನ್ನೆ ಟಿಕೆಟ್ ತಗೊಂಡು ಪರ್ಸಲ್ಲಿ ಇಟ್ಕೊಂತಾ, "ಬಿನ್ ಖಾಲಿ ಮಾಡಿದ್ರಾ?" ಅಂದ್ರು. "ಅಳಿಸಿದ್ದೆಲ್ಲ ಹೋಗಿ ರೀಸೈಕಲ್ ಬಿನ್ನಿನಾಗೆ ಕುಂತಿರ್ತದೆ. ಅದನ್ನ ಖಾಲಿ ಮಾಡೋಗಂಟ ಜಾಗ ಬಿಡಲ್ಲ. ಅದು ಕಸದ ಬುಟ್ಟಿ ಅಲ್ವಾ, ಕಣ್ಣುಮುಚ್ಕಂಡು ಖಾಲಿ ಮಾಡ್ರಿ."

ಆ ಬುಟ್ಟಿ ನನಗೆ ಗೊತ್ತಿತ್ತು. ತೆರೆ ಮೇಲೆ ಎಡಗಡೆ ತುದಿಯಲ್ಲಿ ಇತ್ತು. ಅದರ ಇಂಗ್ಲಿಷ್ ಹೆಸರು ತೆಗೆದು ನೀನು ಕನ್ನಡದಲ್ಲಿ "ತಿಪ್ಪೆ" ಅಂತ ಇಟ್ಟಿದ್ದೆಯಲ್ಲ. ಮೊದಲ ಸಲ ನೋಡಿದಾಗ ನನ್ನ ರೇಗಿಸೋಕೇ ಇಟ್ಟಿದೀಯ ಅಂತ ಜಗಳ ಆಡಿದ್ದೆ. "ಲೇ ತಿಪ್ಪಿ, ನೋಡೇ, ನಿನ್ನ ತವರುಮನೆ" ಅಂತ ತೋರಿಸಿ ನಗಾಡಿದ್ದೆ ನೀನು. ಇನ್ನೇನು ಅಂದ್ಕೊಳ್ಳಲಿ ನಾನು?

ಈ ಹೆಸರು ನನಗೆ ಕೊಟ್ಟಿರೋ ಕಾಟ ನಿನಗೆ ಗೊತ್ತು. ಎದೆ ಮೇಲಿನ ಪಟ್ಟಿ ಓದಿ ಕಾಲೇಜು ಹುಡುಗ್ರು ಕಿಸಕ್ ಅಂತಾರೆ. "ಹೌದಪ್ಪ, ತಿಪ್ಪಮ್ಮನೇ. ನಗು ಮುಗೀತಾ? ಪಾಸ್ ತೋರ್ಸು" ಅಂತೀನಿ. ನಮ್ಮ ಕಡೆಯೋರು ನಗಲ್ಲ, ಅವರ ಮನೆಯಲ್ಲೂ ಒಬ್ಬ ತಿಪ್ಪಯ್ಯನೋ ತಿಪ್ಪಕ್ಕನೋ ಇದ್ದೇ ಇರ್ತಾರೆ. ರಾಜಶೇಖರ ಹೋದ ಮೇಲೆ ನಾನು ಹುಟ್ಟಿದಾಗ ಅಜ್ಜಿ ನನ್ನ ಮೊರದಲ್ಲಿ ಮಲಗಿಸಿ ತಿಪ್ಪೆ ಮೇಲೆ ಇಟ್ಟು ಬಂದ್ಲಂತೆ. ಪಕ್ಕದ ಮನೆಯಾಕೆ ಎತ್ಕೊಂಡು ಬಂದು, "ತಿಪ್ಪೆಯಾಗೆ ಸಿಕ್ತು ಕಣ್ರವ್ವ, ನಿಮಗೇನಾದ್ರೂ ಬೇಕಾ?" ಅಂದ್ಲಂತೆ. ಅವ್ವ ಒಂದು ಮೊರ ತೌಡು ಕೊಟ್ಟು ನನ್ನ ಕೊಂಡ್ಕೊಂಡ್ಲಂತೆ. ಎಸೆದ ಕೂಸು, ಕಸದ ಕೂಸು, ಇದರ ಕಡೆ ಸಾವು ಕಣ್ಣೆತ್ತಿ ನೋಡಲ್ಲ ಅಂತ. ಅಣ್ಣ ಹುಟ್ಟಿದಾಗಲೂ ಅಜ್ಜಿ ಬೇರೆ ಏನೋ ಹೆಸರು ಹೇಳಿದ್ಲಂತೆ, ಓದಿದೋನು ಅಂತ ನೀನು ಕೇಳಲಿಲ್ಲವಂತೆ. ಇದನ್ನ ಅಜ್ಜಿ ಸಾಯೋ ಮುಂಚೆ ಒಂದೇ ಸಲ ನನ್ನ ಹತ್ರ ಹೇಳಿದ್ಲು, ನಿನ್ನ ಮುಂದೆ ಯಾರೂ ಎತ್ತುತಿರಲಿಲ್ಲ.

ಮುಂದಿನ ರಜೆ ಬಂತು. ಹಬ್ಬಕ್ಕೆ ಇನ್ನು ಜಾಸ್ತಿ ದಿನ ಇರಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಕುಂತೆ. ಅವ್ವ ಗೋಡೆಗೆ ಒರಗಿ ಎಲೆ ಅಡಿಕೆ ಹಾಕ್ಕೊಂತಾ ಇದ್ಲು. ತಿಪ್ಪೆ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿದೆ, ಖಾಲಿ ಮಾಡು ಅನ್ನೋದು ಬಂತು, ಅದನ್ನೂ ಒತ್ತಿದೆ. ಇಷ್ಟನ್ನೂ ಶಾಶ್ವತವಾಗಿ ಅಳಿಸಲಾ ಅಂತ ಇಂಗ್ಲಿಷಲ್ಲಿ ಕೇಳಿತು. ಹೂಂ ಅನ್ನೋದರ ಮೇಲೆ ಬೆರಳಿಟ್ಕೊಂಡೇ, ಅವ್ವನಿಗೆ ಬೇಜಾರು ಕಳೀಲಿ ಅಂತ ಜೋರಾಗಿ ಹೇಳಿದೆ, "ಅವ್ವ, ಅಪ್ಪನ ತಿಪ್ಪೆ ಖಾಲಿ ಮಾಡ್ತಿದೀನಿ ನೋಡು."

ಅವ್ವ ಸುಣ್ಣ ಹಚ್ತಾ ಹಚ್ತಾ, ಬಲು ಸಹಜವಾಗಿ ಕೇಳಿದ್ಲು, "ಖಾಲಿ ಮಾಡಿ ಯಾವ ಹೊಲಕ್ಕೆ ಹೊಡೀತೀಯೇ?"

ನಾನು ನಗೋಕೆ ಹೋದೆ. ನಗು ಬರಲಿಲ್ಲ. ನಮ್ಮೂರಲ್ಲಿ ತಿಪ್ಪೆ ಖಾಲಿ ಮಾಡೋದು ಅಂದ್ರೆ ಎಸೆಯೋದಾ? ವರ್ಷವೆಲ್ಲ ಕೂಡಿಟ್ಟು, ಯಾರೂ ಒಂದು ಪುಟ್ಟಿ ಕದೀದಂಗೆ ಕಾದು, ಗಾಡಿ ಕಟ್ಟಿ ಹೊಲಕ್ಕೆ ಹೊಡಿಯೋದು. ಬಾಗೂರಲ್ಲಿ ಹುಟ್ಟಿ, ಜೀವನವಿಡೀ ದನದ ಕೊಟ್ಟಿಗೆ ಸುತ್ತಿದ ನೀನು ಕಸದ ಬುಟ್ಟಿಗೆ ತಿಪ್ಪೆ ಅಂತ ಯಾಕೆ ಕರೀತೀಯ? ನಿನಗೆ ಕಸ ಅನ್ನೋ ಮಾತು ಗೊತ್ತಿರಲಿಲ್ವಾ? ಆಗ ನೀನು ಯಾವಾಗಲೋ ಹೇಳಿದ್ದು ನೆನಪಾಯ್ತು. "ವೈರಸ್ಸಿಗೂ ಕಣ್ಣಿರ್ತೈತೆ ಕಣೇ ತಿಪ್ಪಿ. ಚೆಂದಾಗಿರೋ ಹೆಸರು ಹುಡುಕ್ಕಂಡು ಬರ್ತೈತೆ." ನಾನು ನಕ್ಕು ಎದ್ದು ಹೋಗಿದ್ದೆ. ಬೆರಳು ಅಲ್ಲಿಂದ ತೆಗೆದೆ, ಬ್ಯಾಡ ಅನ್ನೋದನ್ನ ಒತ್ತಿದೆ.

ತಿಪ್ಪೆ ತೆಗೆದು ನೋಡಿದ್ರೆ ಮೇಲೆಲ್ಲ ನಾನೇ ಸುರಿದ ಶುಭೋದಯಗಳು. ಅಳಿಸಿದ ದಿನದ ಪ್ರಕಾರ ಜೋಡಿಸಿ, ಕೋಳಿ ಕೆದಕಿದಂಗೆ ಕೆದಕ್ತಾ ಕೆಳಗೆ ಹೋದೆ. ಅಡಿಯಲ್ಲಿ ನೀನು ಇದ್ದೆ ಅಪ್ಪ. ನೀನು ಬದುಕಿದ್ದಾಗಿನ ದಿನಾಂಕಗಳು. ಚಿತ್ರ ಕಾಣ್ತಿರಲಿಲ್ಲ, ಹೆಸರು ಮಾತ್ರ. "ಹಾಳುಮೂಳು." "ಬ್ಯಾಡದ್ದು." "ಗುಜರಿ." "ಕೆಲಸಕ್ಕೆ ಬಾರದ್ದು." ಎಲ್ಲಾ ನೀನೇ ಬೇಕಂತ ತಂದು ಹಾಕಿದ್ದು. ತಿಪ್ಪೆಯಲ್ಲಿರೋದನ್ನ ಅಲ್ಲೇ ತೆಗೆದು ನೋಡೋಕೆ ಬರಲ್ಲ, ವಾಪಸ್ ಕಳಿಸಿದ್ರೆ ಅದು ಎಲ್ಲಿಂದ ಬಂದಿತ್ತೋ ಅಲ್ಲಿಗೆ ಹೋಗ್ತೈತೆ, ಅಲ್ಲಿ ತೆಗೀಬೇಕು. "ಮನೆ" ಅಂತ ಒಂದು ಫೋಲ್ಡರಿಂದ ಬಂದಿದ್ವು ಎಲ್ಲವೂ. ಆ ಫೋಲ್ಡರನ್ನ ನಾನು ಆಗಲೇ ನೋಡಿದ್ದೆ, ಅದರಲ್ಲಿ "ತಿಪ್ಪಮ್ಮ" ಅಂತ ನನ್ನದೊಂದು ಫೋಟೋ ಬಿಟ್ರೆ ಏನೂ ಇರಲಿಲ್ಲ. ಸೋಮಾರಿ, ಮನೆ ಅಂತ ಮಾಡಿ ಖಾಲಿ ಬಿಟ್ಟಾನೆ ಅಂದ್ಕೊಂಡಿದ್ದೆ.

ಒಂದೊಂದೇ ವಾಪಸ್ ಕಳಿಸಿದೆ. "ಹಾಳುಮೂಳು" ತೆಗೆದ್ರೆ ನನ್ನ ಕೆಲಸದ ಆರ್ಡರು, "ಗುಜರಿ" ತೆಗೆದ್ರೆ ಮೊದಲನೇ ದಿನ ಖಾಕಿ ಹಾಕ್ಕೊಂಡು ಅಂಗಳದಲ್ಲಿ ಮುಖ ಗಂಟಿಕ್ಕಿ ನಿಂತಿರೋ ನಾನು. "ಕೆಲಸಕ್ಕೆ ಬಾರದ್ದು" ಅಂತ ಇದ್ದಿದ್ದು ಅವ್ವ. ಹಿರಿಯೂರಿಗೆ ಮದುವೆಗೆ ಹೋದಾಗ ಮಾರಿಕಣಿವೆ ಡ್ಯಾಮ್ ನೋಡೋಕೆ ಹೋಗಿದ್ವಲ್ಲ, ಕಟ್ಟೆ ಮೇಲೆ ಗಾಳಿಗೆ ಸೆರಗು ಹಾರಿ ಅವ್ವ ಬಿದ್ದು ಬಿದ್ದು ನಗ್ತಿರೋದು. "ನಿನ್ನ ಕೆಲಸಕ್ಕೆ ಬಾರದ್ದು ಅಂತ ಬರೆದವ್ನೆ ನೋಡವ್ವ" ಅಂದೆ. "ಕಣ್ಣಾಗದಿರ್ಲಿ ಅಂತ ಬರ್ದಿರ್ತಾರೆ, ನಿನಗೇನು ಗೊತ್ತಾಗ್ತೈತೆ" ಅಂತ ಅವ್ವ ಮುಖ ತಿರುಗಿಸ್ಕೊಂಡ್ಲು. ನಾಚ್ಕೊಂಡಿದ್ಲು, ಈ ವಯಸ್ಸಲ್ಲಿ!

ಕೊನೆಗೆ ಒಂದು ಉಳಿದಿತ್ತು. "ತಿಪ್ಪೇಸ್ವಾಮಿ" ಅಂತ. ಯಾರಪ್ಪ ಇವನು? ನಮ್ಮ ವಂಶದಲ್ಲಿ ಆ ಹೆಸರಿನೋರೇ ಇಲ್ಲ. ನಿನ್ನ ಆಸ್ಪತ್ರೆಯಲ್ಲಿ ಇದ್ದ ಯಾರಾದ್ರೂ ಗೆಳೆಯನೇನೋ ಅಂದ್ಕೊಂಡೆ. ನಿಜ ಹೇಳ್ತೀನಿ, ಬಿಟ್ಟುಬಿಡೋಣ ಅನ್ನಿಸ್ತು. ಅಣ್ಣ ಸಿಗಲಿಲ್ಲ ಅನ್ನೋ ಸಂಕಟ ಬೇರೆ. ಹಾಳಾಗಿ ಹೋಗಲಿ, ಇದೊಂದು ಯಾಕೆ ಉಳೀಬೇಕು ಅಂತ ವಾಪಸ್ ಕಳಿಸಿ ತೆಗೆದೆ.

ಒಂದು ಮರದ ಸ್ಟೂಲು. ಅದರ ಮೇಲೆ ಒಂದು ಕೂಸು. ಕಾಲು ನೆಲಕ್ಕೆ ಎಟುಕ್ತಿಲ್ಲ. ಹಣೆ ಮೇಲೆ ದೊಡ್ಡ ಕಾಡಿಗೆ ಬೊಟ್ಟು, ಅಂಗಿ ಗುಂಡಿ ಒಂದು ತಪ್ಪಿ ಹಾಕಿದ್ರು. ಕಿವಿ ಅಗಲ ಅಗಲ. ಮುಖ ಗಂಟಿಕ್ಕಿತ್ತು, ಥೇಟ್ ನನ್ನಂಗೆ. ಅವ್ವ ಯಾವಾಗ ಎದ್ದು ಬಂದಳೋ, ನನ್ನ ಹೆಗಲ ಮೇಲೆ ಕೈ ಊರಿ ಬಗ್ಗಿದ್ಲು. "ರಾಜ" ಅಂದ್ಲು. ಆಮೇಲೆ ಬಾಯಿಗೆ ಸೆರಗು ಇಟ್ಕೊಂಡ್ಲು. ತೆರೆ ಮುಟ್ಟಿದ್ರೆ ಕೆಡ್ತದೇನೇ ಅಂತ ಕೇಳಿದ್ಲು. ಇಲ್ಲ ಅಂದೆ. ಅವನ ಕಿವಿ ಮುಟ್ಟಿದ್ಲು.

ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮಪ್ಪ ಏನಂತ ಹೆಸರು ಬರೆದವ್ರೆ?" ಅಂದ್ಲು.

"ತಿಪ್ಪೇಸ್ವಾಮಿ ಅಂತ" ಅಂದೆ.

ಅವ್ವ ಅಲ್ಲೇ ನೆಲದ ಮೇಲೆ ಕುಂತುಬಿಟ್ಲು. "ಅದೇ ಕಣೇ ಹೆಸರು" ಅಂದ್ಲು. "ನಿಮ್ಮಜ್ಜಿ ಅದನ್ನೇ ಇಡು ಅಂತ ಬಡ್ಕಂಡ್ಲು. ಇವನಿಗಿಂತ ಮುಂಚೆ ನನಗೆ ಒಂದು ಬಸುರು ಹೋಗಿತ್ತು, ಅದಕ್ಕೇ. ನಿಮ್ಮಪ್ಪ, ಏ ಸುಮ್ನಿರವ್ವ, ನನ್ನ ಮಗ ರಾಜನ ಹಂಗೆ ಇರ್ಲಿ ಅಂದ್ರು. ಕೂಸು ಹೋದ ಮೇಲೆ ಒಂದು ದಿನಾನೂ ಆ ಮಾತು ಆಡ್ಲಿಲ್ಲ. ನಾನೂ ಕೇಳ್ಲಿಲ್ಲ. ಮರ್ತವ್ರೆ ಅಂದ್ಕಂಡಿದ್ದೆ..."

ನೀನು ಮರೆತಿರಲಿಲ್ಲ. ಇದರ ಮುಂದೆ ಒಬ್ಬನೇ ಕುಂತು, ಒಂದು ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿ, ನಿನ್ನ ಮಗನಿಗೆ ಎರಡನೇ ಸಲ ಹೆಸರಿಟ್ಟೆ. ಆಮೇಲೆ ಅವನನ್ನ ಎತ್ಕೊಂಡು ಹೋಗಿ ತಿಪ್ಪೆಯಲ್ಲಿ ಮಲಗಿಸಿದೆ. ಈ ಸಲ ಆದ್ರೂ ಉಳೀಲಿ ಅಂತ. ಅಪ್ಪ, ಒಂದು ಸಲ ನನಗೆ ಹೇಳಬಾರದಿತ್ತಾ? ಆ ಹೆಸರಿಗೆ ನಾನು ಎಷ್ಟು ಸಲ ಜಗಳ ಆಡಿದೆ, ಪ್ರತಿ ಸಲನೂ ನೀನು ನಕ್ಕೇ ಬಿಡ್ತಿದ್ದೆಯಲ್ಲ. ಒಳಗೆ ಏನು ಇಟ್ಕೊಂಡು ನಗ್ತಿದ್ದೆ ನೀನು? ಅವತ್ತು ನಾನು ಅತ್ತೆ. ಗಟ್ಟಿಯಾಗೇ ಅತ್ತೆ. ಅವ್ವನೇ ನನಗೆ ನೀರು ತಂದುಕೊಟ್ಲು.

ಮಾರನೇ ದಿನ ಬಸ್ಸಲ್ಲಿ ಶಬಾನಾ ಮೇಡಂಗೆ ಹೇಳಿದೆ. ಅವರು ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, "ಅಲ್ರೀ ತಿಪ್ಪಮ್ಮಾರೇ, ಆ ಬಿನ್ನಿಗೂ ಒಂದು ಅಳತೆ ಇರ್ತದೆ. ತುಂಬಿತು ಅಂದ್ರೆ ಹಳೇದು ತಾನಾಗೇ ಹೋಗ್ಬಿಡ್ತದೆ. ನೀವು ಮೇಲೆ ಸುರಿದ ಗುಡ್ ಮಾರ್ನಿಂಗಿಗೆ ಇನ್ನೊಂಚೂರು..." ಅಂತ ನಿಲ್ಲಿಸಿದ್ರು. ನೋಡಿದ್ಯಾ? ನಿನ್ನ ಗುಲಾಬಿಗಳೇ ನಿನ್ನ ಮಗನ ಮೇಲೆ ಬಿದ್ದು ಅವನನ್ನ ಆಚೆ ತಳ್ಳಿಬಿಡ್ತಿದ್ವು. ಊರ ತಿಪ್ಪೆಗೂ ಇದಕ್ಕೂ ವ್ಯತ್ಯಾಸ ಐತೆ ಕಣಪ್ಪ. ಕಾಪಾಡೋಕೆ ತಿಪ್ಪೆಯಲ್ಲಿ ಇಟ್ರೆ ಸಾಲದು, ಎತ್ಕೊಂಡು ಬರೋಕೆ ಪಕ್ಕದ ಮನೆಯಾಕೆಗೆ ಮೊದಲೇ ಹೇಳಿರಬೇಕು. ನೀನು ಯಾರಿಗೂ ಹೇಳದೇ ಹೋಗಿಬಿಟ್ಟೆ.

ಇರಲಿ, ಈಗ ಕ್ಷೇಮಸಮಾಚಾರ. ಮೇಡಂ ಹೇಳಿದಂಗೇ ಮಾಡಿದೀನಿ. "ಮನೆ" ಫೋಲ್ಡರನ್ನ ಹಂಗಂಗೇ ಎರಡು ಪೆನ್‌ಡ್ರೈವಿಗೆ ಇಳಿಸಿದೆ. ಒಂದು ನನ್ನ ಬೀರುವಲ್ಲಿ, ಇನ್ನೊಂದು ಶಬಾನಾ ಮೇಡಂ ಮನೆಯಲ್ಲಿ. ಎರಡರಲ್ಲೂ ತೆಗೆದು ನೋಡಿದೆ, ಬರ್ತಾನೆ. ಆಮೇಲೆ ತಿಪ್ಪೆಯನ್ನ ಮೇಲಿಂದ ಕೆಳಗಿನವರೆಗೆ ಇನ್ನೊಂದು ಸಲ ಓದಿ, ಅವ್ವನ ಅಪ್ಪಣೆ ತಗೊಂಡು ಖಾಲಿ ಮಾಡಿದೆ. ಕೆಂಪು ಪಟ್ಟಿ ನೀಲಿ ಆಯ್ತು. ಈಗ ಬಟನ್ ಒತ್ತಿ ಒಲೆ ಹತ್ರ ಹೋಗೋ ಅಷ್ಟರಲ್ಲಿ ತೆರ್ಕೊಂಡಿರ್ತೈತೆ. ನಿನ್ನ ಅಳಿಯ ಗುಜರಿ ಮಾತೇ ಎತ್ತಿಲ್ಲ. ಬುಟ್ಟಿಯ ಹೆಸರು ಮಾತ್ರ ನಾನು ಬದಲಾಯಿಸಿಲ್ಲ, ತಿಪ್ಪೆ ಅಂತಲೇ ಐತೆ. ಇನ್ನು ಮೇಲೆ ಅದರಲ್ಲಿ ಏನನ್ನೂ ಬಚ್ಚಿಡಲ್ಲ, ಖಾಲಿ ಮಾಡೋ ಮುಂಚೆ ತೆಗೆದು ನೋಡದೇನೂ ಬಿಡಲ್ಲ, ಇದು ನಿನಗೆ ನನ್ನ ಮಾತು.

ದುರ್ಗದಲ್ಲಿ ಅವನ ಫೋಟೋ ಪ್ರಿಂಟ್ ಹಾಕಿಸಿ ಕಟ್ಟು ಕಟ್ಟಿಸ್ಕೊಂಡು ತಂದೆ, ಬಸ್ಸಲ್ಲಿ ಸೀಟಿನ ಮೇಲೆ ಇಟ್ಟು. ಹಬ್ಬದ ದಿನ ನಿನ್ನ ಪಕ್ಕದಲ್ಲೇ ಇಟ್ವಿ. ಬಾಗೂರಿಂದ ಬಂದ ಚಿಕ್ಕಮ್ಮ, "ಮೂರು ವರ್ಷದ ಕೂಸು ಹೆಂಗೆ ಹಿರಿಯ ಆಗ್ತಾನೆ?" ಅಂದ್ಲು. "ನನಗೆ ಹಿರಿಯನೇ" ಅಂದೆ. ನಿನಗೆ ಹೋಳಿಗೆ, ಕಡುಬು, ನಿನ್ನ ಎಲೆ ಅಡಿಕೆ. ಅವನ ಎಲೆಗೆ ಅವ್ವ ಸಕ್ಕರೆ ಬಿಸ್ಕತ್ತು ಇಟ್ಲು. ಹೆಸರು ವಾಪಸ್ ರಾಜಶೇಖರ ಅಂತ ಮಾಡ್ಲಾ ಅಂತ ಕೇಳಿದ್ದಕ್ಕೆ, "ಬ್ಯಾಡ, ಅವರಪ್ಪ ಇಟ್ಟಿರೋದು ಇರ್ಲಿ" ಅಂದ್ಲು.

ಅವ್ವನಿಗೆ ಗೊತ್ತಿಲ್ಲದ ಒಂದು ವಿಷಯ ನಿನಗೆ ಹೇಳಬೇಕು ಅಂತಲೇ ಇಷ್ಟು ಬರೆದೆ. "ಮನೆ" ಫೋಲ್ಡರ್ ತೆಗೆದ್ರೆ ಫೋಟೋಗಳು ಅಕ್ಷರದ ಪ್ರಕಾರ ಸಾಲಾಗಿ ಕುಂತ್ಕೊಳ್ತವೆ. ರಾಜಶೇಖರ ಅಂತ ಇದ್ದಿದ್ರೆ ಅವನು ಎಲ್ಲೋ ಹಿಂದಿನ ಸೀಟಿಗೆ ಹೋಗ್ತಿದ್ದ. ಈಗ ತಿಪ್ಪಮ್ಮ, ಅದರ ಪಕ್ಕದಲ್ಲೇ ತಿಪ್ಪೇಸ್ವಾಮಿ. ನಡುವೆ ಯಾರೂ ಇಲ್ಲ. ನಿನ್ನ ಇಬ್ಬರು ಮಕ್ಕಳೂ ಒಂದೇ ಸೀಟಲ್ಲಿ ಕುಂತಿದೀವಿ ಕಣಪ್ಪ, ಇಬ್ಬರೂ ಮುಖ ಗಂಟಿಕ್ಕೊಂಡು.

ನಿನ್ನ
ತಿಪ್ಪಿ